ಮೇಲಿನಂತೆ

"ಆರೋಗ್ಯ ವಿಮೆಯ ಅರ್ಜಿ ತುಂಬೋಕೆ ಏಜೆಂಟ್ ಬೇಕಾ? ಥೂ! ನಾನಿನ್ನೂ ಬದುಕಿದ್ದೀನಿ ಕಣೇ!" ಎಂದು ಹೆಡ್ ಕ್ಲರ್ಕು ಗುಡುಗಿದಾಗ ಅವರ ನಿವೃತ್ತಿಗೆ ಎರಡು ತಿಂಗಳು ಬಾಕಿ ಇತ್ತು. ಒಂದು ಅಲ್ಪವಿರಾಮ ತಪ್ಪಿದರೂ ಜನರ ಅರ್ಜಿಯನ್ನು ಹಿಂದಕ್ಕೆ ಕಳಿಸಿ, ಕಚೇರಿಯಲ್ಲಿ 'ವಾಪಸಪ್ಪ' ಎಂಬ ಬಿರುದು ಸಂಪಾದಿಸಿದ್ದ ಮಹಾನುಭಾವರು! ಸರ್ಕಾರದ ಒಂದು ಫಾರಂ ಅವರ ಮುಂದೆ ಬಾಲ ಬಿಚ್ಚುವುದುಂಟೇ?

ಹೆಂಡತಿಗೆ ಬೇಕಾಗಿದ್ದುದು ಬಿರುದಲ್ಲ, ಕಾರ್ಡು. ಎರಡೂ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸಲಾಗದೆ, ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ವರ್ಷವಾಗಿತ್ತು. ಕಾರ್ಡು ಬಂದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ.

"ನನ್ನ ವಿವರ ಏನಾದ್ರೂ ಹೇಳ್ಬೇಕಾ?" ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು.

"ನಿನ್ನ ವಿವರ ಅಂತ ಬೇರೆ ಏನಿರುತ್ತೆ? ಸುಮ್ನೆ ಟೀ ತಾ."

ಮೊದಲ ಸಾಲಿನಲ್ಲಿ ತಮ್ಮ ವಿವರಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಎರಡನೆಯ ಸಾಲು ಅವಲಂಬಿತರದು. ಅಲ್ಲಿ ಹೆಂಡತಿಯ ಹೆಸರೊಂದನ್ನು ಬರೆದು, ಮೂವತ್ತೈದು ವರ್ಷದ ಕಚೇರಿಯ ಚಾಳಿಯಿಂದ, ಉಳಿದ ಕಾಲಂಗಳಲ್ಲೆಲ್ಲ 'ಮೇಲಿನಂತೆ', 'ಮೇಲಿನಂತೆ' ಎಂದು ಗೀಚುತ್ತ ಹೋದರು. ವಿಳಾಸ ಮೇಲಿನಂತೆ, ಸರಿ. ಲಿಂಗ? ಹುಟ್ಟಿದ ದಿನಾಂಕ? ಈಗಿರುವ ಕಾಯಿಲೆ? ಕೈ ನಿಲ್ಲಲೇ ಇಲ್ಲ! ವಿಮಾ ಕಚೇರಿಯ ಗುಮಾಸ್ತನೂ ತುಟಿ ಪಿಟಕ್ಕೆನ್ನದೆ ಅಷ್ಟನ್ನೂ ಕಂಪ್ಯೂಟರಿಗೆ ತುಂಬಿದ. ಅಲ್ಲೊಬ್ಬ ವಾಪಸಪ್ಪ ಇರಬಾರದಿತ್ತೇ!

ಕಾರ್ಡು ಬಂತು, ಆಪರೇಷನ್ನಿಗೆ ದಿನವೂ ಗೊತ್ತಾಯಿತು. ಹಿಂದಿನ ದಿನ ದಾಖಲಾಗಲು ಹೋದರೆ, ಆಸ್ಪತ್ರೆಯ ಕೌಂಟರಿನವಳು ಕಾರ್ಡು ನೋಡಿ, ಹೆಂಡತಿಯನ್ನು ನೋಡಿ, ಮತ್ತೆ ಕಾರ್ಡು ನೋಡಿದಳು.

"ಗಂಡಸು, ಅರವತ್ತು ವರ್ಷ, ಪ್ರಾಸ್ಟೇಟ್ ತೊಂದರೆ ಅಂತಿದೆಯಲ್ಲಮ್ಮಾ! ಆ ರೋಗಿ ಎಲ್ಲಿ?"

ಹೆಂಡತಿ ಗಂಡನತ್ತ ತಿರುಗಿದಳು. "ಏನ್ರೀ, ನಿಮ್ಮ ಪ್ರಾಸ್ಟೇಟನ್ನೂ ನನಗೇ ಅಂಟಿಸಿದ್ರಾ? ನಿಮ್ಮ ಸಿಟ್ಟು ಸೆಡವು, ನಿಮ್ಮಮ್ಮನ ಲಕ್ವ, ಎಲ್ಲಾ ನೋಡ್ಕೊಂಡಿದ್ದಾಯ್ತು. ಇದೊಂದು ಬಾಕಿ ಇತ್ತು!"

ಸಂಜೆಯೊಳಗೆ ಕಾರ್ಡು ಸರಿಯಾಗದಿದ್ದರೆ ಮುಂದಿನ ಸರದಿ ಆರು ತಿಂಗಳಿಗೆ. ಬಿದ್ದೆನೋ ಎದ್ದೆನೋ ಎಂದು ಇಬ್ಬರೂ ವಿಮಾ ಕಚೇರಿಗೆ ಓಡಿದರು. ತಿದ್ದುಪಡಿಯ ಮೇಜಿನ ಹಿಂದೆ ಕೂತಿದ್ದ ಅಧಿಕಾರಿಣಿ ಫಾರಂ ಬಿಡಿಸಿದಳು.

"ಅವಲಂಬಿತರ ವಿವರ ಕಾರ್ಡುದಾರರೇ ಹೇಳ್ಬೇಕು. ಅಮ್ಮಾ, ನೀವು ಮಧ್ಯೆ ಮಾತಾಡೋ ಹಾಗಿಲ್ಲ."

"ಅದೇನು ಹೊಸದಲ್ಲ ಬಿಡಮ್ಮಾ," ಎಂದಳು ಹೆಂಡತಿ.

"ಹೇಳಿ ಸಾರ್. ಪತ್ನಿ ಹುಟ್ಟಿದ ದಿನಾಂಕ?"

ಹೆಡ್ ಕ್ಲರ್ಕು ಕೆಮ್ಮಿದರು.

"ರಕ್ತದ ಗುಂಪು?"

ಕನ್ನಡಕ ತೆಗೆದು ಒರೆಸಿದರು.

"ಯಾವ ಔಷಧಿ ಒಗ್ಗಲ್ಲ ಇವರಿಗೆ?"

ಊರವರ ತಪ್ಪುಗಳೆಲ್ಲ ಬಾಯಿಪಾಠವಿದ್ದ ಮನುಷ್ಯನಿಗೆ, ಮೂವತ್ನಾಲ್ಕು ವರ್ಷ ಒಂದೇ ಸೂರಿನಡಿ ಬಾಳಿದವಳ ಬಗ್ಗೆ ಒಂದೂ ಗೊತ್ತಿರಲಿಲ್ಲ. "ಹೇಳೇ... ಮೆಲ್ಲಗೆ ಹೇಳೇ..." ಎಂದು ಪಿಸುಗುಟ್ಟಿದರು. ಅವಳು ಮಂಜುಗಣ್ಣಿನಿಂದ ಗೋಡೆ ನೋಡುತ್ತ ನಿಂತಿದ್ದಳು.

ಅಧಿಕಾರಿಣಿ ಪೆನ್ನು ಕೆಳಗಿಟ್ಟಳು. ಅವಳಿಗೂ ಪಾಪ ಅನ್ನಿಸಿರಬೇಕು.

"ಅಮ್ಮಾ, ಮನೇಲಿ ನಿಮ್ಮನ್ನ ಬಲ್ಲವರು ಬೇರೆ ಯಾರೂ ಇಲ್ವಾ?"

"ಇಲ್ಲಮ್ಮಾ. ಇವರೊಬ್ಬರೇ."