ವ್ಯಸನಮುಕ್ತ ಸಮಿತಿಯ ಅಮಲು

ವಿಜಯನಗರದ ನಮ್ಮ ಬಡಾವಣೆಯಲ್ಲಿ ಕುಡಿತ, ಡ್ರಗ್ಸ್ ತಡೆಯೋಕೆ ಅಂತ ಒಂದು ಸಮಿತಿ ಇದೆ. ಟೀಚರ್ ಆಗಿ ರಿಟೈರ್ ಆದ ನಾನು ಕಾರ್ಯದರ್ಶಿ. ಕೆಮ್ಮಿನ ಸಿರಪ್ಪನ್ನೂ ಮೂಸಿ ನೋಡಿಯೇ ಕುಡಿಯುವ, ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಅಧ್ಯಕ್ಷರು. ಕೆಲಸವೇನೋ ಗಂಭೀರದ್ದೇ. ಆದರೆ ನಾವು ಬೀದಿಗಿಳಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತೆ.

ಘೋಷಣೆ

ಮಾರೇನಹಳ್ಳಿಯಲ್ಲಿ ಜಾಥಾ. "ಕುಡಿತ ಬಿಡಿ, ಮನೆ ಉಳಿಸಿ" ಅಂತ ನಾವು ಹೆಂಗಸರು ಕೂಗಿದ್ದು ಪಕ್ಕದ ತರಕಾರಿ ಗಾಡಿಯವನಿಗೂ ಕೇಳಿಸ್ತಿರಲಿಲ್ಲ. ಅಷ್ಟರಲ್ಲಿ ಬಾರಿನ ಮೆಟ್ಟಿಲಿಳಿದು ಬಂದ ಒಬ್ಬಾತ ಸಾಲಿನ ಮುಂದೆ ನಿಂತು, ರಸ್ತೆ ಅದುರುವ ಹಾಗೆ ಅದೇ ಘೋಷಣೆ ಕೂಗತೊಡಗಿದ.

"ಅಣ್ಣ, ನೀವು ಕುಡಿದಿದ್ದೀರಿ. ಸ್ವಲ್ಪ ಪಕ್ಕಕ್ಕೆ ಬನ್ನಿ" ಅಂದೆ.

"ಆಂಟಿ, ನೀವೆಲ್ಲ ಕೇಳಿದ್ದು ಹೇಳ್ತಿದೀರ. ನಾನು ಅನುಭವಿಸಿ ಹೇಳ್ತಿದೀನಿ!"

ಬಿಳಿ ಪುಡಿ

ಮೂಡಲಪಾಳ್ಯದ ಒಬ್ಬ ತಾಯಿ ಅಳುತ್ತಾ ಬಂದರು. ಕಾಲೇಜಿಗೆ ಹೋಗುವ ಮಗನ ಬ್ಯಾಗಿನಲ್ಲಿ ಬಿಳಿ ಪುಡಿಯ ಪೊಟ್ಟಣ ಸಿಕ್ಕಿತ್ತು. ಅಧ್ಯಕ್ಷರು ಸಿನಿಮಾ ಪೊಲೀಸರ ಹಾಗೆ ಬೆರಳದ್ದಿ ನಾಲಿಗೆಗಿಟ್ಟು, ಕಣ್ಣು ಮುಚ್ಚಿ, "ಸಂಶಯವೇ ಇಲ್ಲ, ಅದೇ!" ಅಂದರು.

ಹಿಂದೆಯೇ ಮಗ ಓಡಿಬಂದ. "ಅಮ್ಮಾ, ಅದು ಕೇರಂ ಬೋರ್ಡ್ ಪೌಡರ್ ಕಣಮ್ಮಾ!"

ತಾಯಿ ಮಗನನ್ನು ತಬ್ಬಿಕೊಂಡು ಇನ್ನೊಂದು ಸಲ ಅತ್ತರು. ಅಧ್ಯಕ್ಷರಿಗೆ ತಲೆ ಸುತ್ತಲು ಶುರು. ಆಟೋ ಹತ್ತಿಸಿ ಕ್ಲಿನಿಕ್ಕಿಗೆ ಕರೆದೊಯ್ದೆವು. ಬಾಯಿ ಮುಕ್ಕಳಿಸಲು ಹೇಳಿ, ನಾಡಿ ನೋಡಿ, ಡಾಕ್ಟರು ಕೇಳಿದರು: "ಸಾರ್, ನಿಮ್ಮ ಸಮಿತಿ ಇರೋದು ತಡೆಯೋದಕ್ಕಾ, ರುಚಿ ನೋಡೋದಕ್ಕಾ?"

ಬೀದಿ ನಾಟಕ

ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದ ಹತ್ತಿರ ನಾಟಕ. ಕುಡುಕನ ಪಾತ್ರ ಮಾಡಬೇಕಾದವರಿಗೆ ಜ್ವರ. ಅಧ್ಯಕ್ಷರೇ ಲುಂಗಿ ಎತ್ತಿ ಕಟ್ಟಿದರು. ನಾಟಕ ಶುರುವಾಗುವ ಮುಂಚೆ ನಿಲ್ದಾಣದ ಮೆಟ್ಟಿಲ ಪಕ್ಕ ಒಬ್ಬರೇ ಅಭ್ಯಾಸ ನಡೆಸಿದ್ದರು: ತೂರಾಡಿದರು, ತೊದಲಿದರು, ಲೈಟ್ ಕಂಬವನ್ನು ತಬ್ಬಿಕೊಂಡು "ಮಚ್ಚಾ, ನನ್ನ ಬಿಟ್ಟು ಹೋಗ್ಬೇಡ ಕಣೋ" ಅಂದರು.

ಆಗಲೇ ಮೆಟ್ರೋ ಇಳಿದು ಬಂದರು ಗಂಡ ಹೆಂಡತಿ. ಹಿಂದಿನ ವಾರವಷ್ಟೇ ಅಧ್ಯಕ್ಷರ ಮಗಳನ್ನು ನೋಡಿಕೊಂಡು ಹೋಗಿದ್ದ ಹುಡುಗನ ಅಪ್ಪ ಅಮ್ಮ! ಕಂಬವನ್ನು ನೋಡಿದರು, ಇವರನ್ನು ನೋಡಿದರು, ಬಂದ ದಾರಿಗೇ ತಿರುಗಿದರು.

"ಮುಗೀತು ಮೇಡಂ. ನನ್ನ ಮಗಳ ಸಂಬಂಧ ಮುಗೀತು" ಅಂತ ಅಧ್ಯಕ್ಷರು ನಿಜವಾಗಿ ಅತ್ತರು. ಅದನ್ನೂ ನಟನೆ ಅಂದುಕೊಂಡು, ನಾಟಕ ನೋಡಲು ಸೇರಿದ್ದ ಜನ ಚಪ್ಪಾಳೆ ತಟ್ಟಿದರು.

ಮರುದಿನ ಸಮಾಧಾನ ಹೇಳೋಣ ಅಂತ ಅವರ ಮನೆಗೆ ಹೋಗಿದ್ದೆ. ಫೋನ್ ಬಂತು. ಹುಡುಗನ ತಾಯಿ. ಅಧ್ಯಕ್ಷರು ಸ್ಪೀಕರ್ ಒತ್ತಿದರು.

"ಬೀಗರೇ, ನಿನ್ನೆ ನಿಮ್ಮನ್ನ ನೋಡಿದ್ವಿ..."

"ಅಮ್ಮಾ, ಅದು ಏನಾಯ್ತು ಅಂದ್ರೆ..."

"ಏನೂ ಹೇಳ್ಬೇಡಿ! ನಮ್ಮನೆಯವರೂ ತಗೋತಾರೆ. ಕುಡಿತ ಬಿಡಿಸೋ ಸಮಿತಿಯ ಅಧ್ಯಕ್ಷರಿಗೆ ಅದನ್ನ ಹೇಗೆ ಹೇಳೋದು ಅಂತ ಒದ್ದಾಡ್ತಿದ್ವಿ. ಸದ್ಯ, ಅವರಿಗೂ ಒಬ್ಬರು ಜೊತೆ ಸಿಕ್ಕಿದ್ರು. ಸಂಬಂಧ ಒಪ್ಪಿಗೆ!"

ಫೋನ್ ಇಟ್ಟು ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ಮೇಡಂ, ನಿಜ ಹೇಳಿದ್ರೆ ಸಂಬಂಧ ತಪ್ಪುತ್ತೆ. ಹೇಳ್ದೇ ಇದ್ರೆ, ಮದುವೆಯೊಳಗೆ ನಾನು ಕುಡಿಯೋದು ಕಲೀಬೇಕು!"