ಐವತ್ತು ಎಲೆಯ ಅಳತೆ, ಒಂದು ಬಾಕ್ಸ್

ಒಲೆ ಮುಂದೆ ನಿಂತವನ ಮರ್ಯಾದೆ ದಿನಕ್ಕೊಂದು ಸಲ ಹೋಗುವುದು ಇದ್ದದ್ದೇ. ನನ್ನದು ಬೆಳಗ್ಗೆ ಎಂಟೂವರೆಯೊಳಗೇ ಹೋಗಿ ಮುಗಿದಿರುತ್ತದೆ.

ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮದುವೆ ಅಡುಗೆಯವರ ಹಿಂದೆ ಹೋದವನು ನಾನು. ಇವತ್ತು ಶೃಂಗೇರಿ, ನಾಳೆ ಮುತ್ತಿನಕೊಪ್ಪ. ಮೂರು ದಿನ ಒಂದೇ ಕಡೆ ಮಲಗಿದರೆ ಮೈ ಕೈ ನೋವು ಶುರುವಾಗುತ್ತಿತ್ತು. ಈ ವರ್ಷ ಹೆಂಡತಿ ಎರಡು ತಿಂಗಳ ತರಬೇತಿಗೆ ಶಿವಮೊಗ್ಗಕ್ಕೆ ಹೋದಳು, ಮೂರನೇ ಕ್ಲಾಸಿನ ಮಗಳ ಮಧ್ಯಾಹ್ನದ ಬಾಕ್ಸ್ ನನ್ನ ಪಾಲಿಗೆ ಬಂತು. ಶೃಂಗೇರಿಯ ಅತ್ತೆ ಫೋನಿನಲ್ಲೇ ಕರಾರು ಹಾಕಿದರು: ಬಾಕ್ಸ್ ಎರಡು ಸಲ ಹಾಗೇ ವಾಪಸ್ ಬಂದರೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಅಲ್ಲಿನ ಶಾಲೆಗೇ ಸೇರಿಸುವುದು. ಒಪ್ಪದಿದ್ದರೆ ಅವತ್ತೇ ಬಂದು ಕರೆದುಕೊಂಡು ಹೋಗುವವರೇ; ಮಗಳೂ ಇಲ್ಲದ ಮನೆಯಲ್ಲಿ ನಾನೊಬ್ಬನೇ ಕೂತು ಎಂತ ಮಾಡಲಿ? ಒಪ್ಪಿಕೊಂಡೆ.

೧. ಸ್ವಲ್ಪ ಚಿತ್ರಾನ್ನ

ನಾನು ಕಲಿತ ಅಳತೆಯಲ್ಲಿ ಅತಿ ಸಣ್ಣದು ಐವತ್ತು ಎಲೆ, ಅಂದರೆ ಐವತ್ತು ಜನರ ಊಟ. ಮೊದಲ ದಿನ ಕೈ ಬಿಗಿಹಿಡಿದೇ ಅಕ್ಕಿ ಹಾಕಿದೆ. ಮಗಳ ಬಾಕ್ಸ್ ತುಂಬಿತು, ಪಕ್ಕದ ಮನೆಯ ಪಾತ್ರೆ ತುಂಬಿತು, ಹೊಲಿಗೆ ಅಂಗಡಿಗೂ ಕೊಟ್ಟೆ, ಎದುರು ಮನೆಗೂ ಕೊಟ್ಟೆ. ಮಧ್ಯಾಹ್ನ ಎದುರು ಮನೆಯ ಅಜ್ಜಿ ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬಾಗಿಲಿಗೆ ಬಂದರು.

"ಕಾರ್ಯಕ್ರಮ ಎಂತದ್ದು ಅಂತ ಹೇಳ್ಲೇ ಇಲ್ವಲ್ಲ ಮಾರಾಯ?"

೨. ಪಂಕ್ತಿಯ ಶಿಸ್ತು

ಬಾಕ್ಸಿನಲ್ಲಿ ಸೊಪ್ಪು, ಕಾಳು, ತರಕಾರಿ, ಹಣ್ಣು ಎಲ್ಲ ಇರಬೇಕು ಅಂತ ಟೀಚರು ಪಟ್ಟಿ ಕಳಿಸಿದರು. ಇದು ನನ್ನ ಕಸುಬೇ ಆಯಿತಲ್ಲ ಅಂತ ಎಲೆಗೆ ಬಡಿಸುವ ಕ್ರಮದಲ್ಲೇ ಕೋಸಂಬರಿ, ಬಸಳೆ ಪಲ್ಯ, ಅನ್ನ, ಬಾಳೆಹಣ್ಣು ಜೋಡಿಸಿದೆ. ಎಲ್ಲರ ಎಲೆಗೂ ಬಡಿಸಿ ಆದ ಮೇಲೇ ಊಟಕ್ಕೆ ಕೈ ಹಾಕಬೇಕು ಅಂತ ಮಗಳಿಗೆ ಬುದ್ಧಿಯನ್ನೂ ಹೇಳಿದೆ. ಸಂಜೆ ಬಾಕ್ಸ್ ಮುಟ್ಟದೆ ವಾಪಸ್ ಬಂತು. ಯಾಕೆ ಅಂತ ಕೇಳಿದೆ.

"ಕೊನೇ ಬೆಂಚಿನ ಹುಡುಗಿ ಬಾಕ್ಸ್ ತೆಗೀಲೇ ಇಲ್ಲ ಅಪ್ಪ. ಅವಳಿಗೆ ಹೊಟ್ಟೆ ನೋವಂತೆ."

೩. ಟೀಚರ ಬುಲಾವ್

ಒಂದು ಸಲ ಆಗಿಹೋಗಿತ್ತು. ಇನ್ನೊಂದು ಆಗಬಾರದು ಅಂತ ಮದುವೆ ಮನೆಯ ಶಾಸ್ತ್ರವನ್ನೆಲ್ಲ ಬಿಟ್ಟೆ. ಒಂದು ದಿನ ಕ್ಯಾರೆಟ್ ಹಾಕಿದ ಅಕ್ಕಿ ರೊಟ್ಟಿ, ಒಂದು ದಿನ ಹೆಸರುಕಾಳಿನ ಉಸಲಿ, ಒಂದು ದಿನ ಸೊಪ್ಪಿನ ಕಡುಬು. ಬಾಕ್ಸ್ ತೊಳೆದ ಹಾಗೆ ಖಾಲಿಯಾಗಿ ಬರತೊಡಗಿತು. ಅಷ್ಟರಲ್ಲಿ ಟೀಚರ ಚೀಟಿ: ಬಾಕ್ಸಿನ ವಿಷಯ ಮಾತಾಡಬೇಕು, ಕೂಡಲೇ ಬನ್ನಿ. ಮಗಳು ಅದನ್ನು ಫೋನಿನಲ್ಲಿ ಅಮ್ಮಮ್ಮನಿಗೆ ಓದಿ ಹೇಳಿಬಿಟ್ಟಳು. ಮರುದಿನ ಅತ್ತೆ ಮೊದಲ ಬಸ್ಸಿಗೇ ಇಳಿದರು, ಮೊಮ್ಮಗಳ ಬಟ್ಟೆ ತುಂಬಲು ಖಾಲಿ ಬ್ಯಾಗಿನ ಸಮೇತ. ಅವರೂ ನಮ್ಮ ಜೊತೆ ಶಾಲೆಗೆ ಬಂದರು; ನಾನು ಮಗಳ ಕೈ ಹಿಡಿದುಕೊಂಡೇ ಟೀಚರ ಕೋಣೆಯೊಳಗೆ ಹೋದೆ.

ಟೀಚರ ಕಷ್ಟ ಬೇರೆಯೇ ಇತ್ತು. ನನ್ನ ಮಗಳು ಬಾಕ್ಸ್ ತೆಗೆದರೆ ಕ್ಲಾಸೇ ಮುತ್ತಿಕೊಳ್ಳುತ್ತದೆ, ಮಿಕ್ಕವರ ಬಾಕ್ಸೆಲ್ಲ ಹಾಗೇ ಮನೆಗೆ ಹೋಗುತ್ತವೆ, ತಾಯಂದಿರು ಬಂದು ಜಗಳ ಆಡುತ್ತಾರೆ.

"ವಾರಕ್ಕೊಂದು ದಿನ ಆದ್ರೂ, ಯಾರೂ ಕೈ ಹಾಕದ ಹಾಗೆ ಅಡುಗೆ ಮಾಡಿ ಕಳಿಸ್ತೀರಾ?"

ಬೇಕಂತಲೇ ಕೆಡಿಸುವುದು ನನ್ನ ಕೈಗೆ ಬರುವುದಿಲ್ಲ ಅಂದೆ. ಮಗಳೇ ದಾರಿ ಹೇಳಿದಳು.

"ಹಾಗಾದ್ರೆ ಶುಕ್ರವಾರ ಅಮ್ಮಮ್ಮ ಮಾಡ್ಲಿ ಟೀಚರ್."

ಅತ್ತೆ ಖಾಲಿ ಬ್ಯಾಗನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಶೃಂಗೇರಿಗೆ ಮುಂದಿನ ಬಸ್ಸು ಎಷ್ಟೊತ್ತಿಗೆ ಅಂತ ಟೀಚರನ್ನೇ ಕೇಳಿದರು.