ಸುಂದರನ ದೋಟಿಗೆ ನಾನು ಮಾಡಿದ ಚಿಕಿತ್ಸೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ರೆಸಿನ್ನಿನದಲ್ಲ. ಅದು ತನಗೆ ವಹಿಸಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ವಹಿಸಿದವನು ನಾನು!

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಜೊತೆಗೆ, ನಲವತ್ತಾರನೇ ವಯಸ್ಸಿನಲ್ಲಿ ಯಾರೂ ಒತ್ತಾಯ ಮಾಡದೆ, ಪಿಎಚ್.ಡಿ. ಮಾಡಲು ಹೊರಟಿದ್ದೇನೆ. ವಿಷಯ: ಎಳೆಗಳಿಂದ ಬಲಪಡಿಸಿದ ಸಂಯುಕ್ತ ವಸ್ತುಗಳಿಗಾಗಿ ಬಿರುಕು ಬಿಡದ ಪಾಲಿಮರ್ ರೆಸಿನ್‌ಗಳ ಅಭಿವೃದ್ಧಿ. ಇದನ್ನು ನಾನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಕೈ ತೊಳೆಯಲು ಎದ್ದಿರುತ್ತಾರೆ.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಕಾರ್ಬನ್ ಎಳೆ, ಗಾಜಿನ ಎಳೆ ಇವೆಲ್ಲ ತುಂಬ ಬಲದವು. ಆದರೆ ಬಿಡಿ ಎಳೆಗಳಿಂದ ಏನೂ ಆಗುವುದಿಲ್ಲ, ಅವನ್ನು ಒಟ್ಟಿಗೆ ಹಿಡಿದುಕೊಳ್ಳುವ ಅಂಟು ಬೇಕು. ಆ ಅಂಟೇ ರೆಸಿನ್. ಅದು ಒಣಗಿದರೆ ಕಲ್ಲಿನಷ್ಟು ಗಡಸಾಗುತ್ತದೆ, ಪೆಟ್ಟು ಬಿದ್ದರೆ ಹಪ್ಪಳದಂತೆ ಬಿರಿಯುತ್ತದೆ. ಹಾಗೆ ಬಿರಿಯದಿರಲಿ ಎಂದು ನಾನು ಎರಡು ವರ್ಷದಿಂದ ಅದಕ್ಕೆ ದ್ರವರೂಪದ ರಬ್ಬರ್ ಬೆರೆಸುತ್ತಿದ್ದೇನೆ. ಬೆರೆಸುವುದು, ಒಣಗಿಸುವುದು, ಯಂತ್ರಕ್ಕೆ ಕೊಟ್ಟು ಮುರಿಯುವುದು. ಮುರಿದ ತುಂಡಿನೊಳಗೆ ಎಲ್ಲಾದರೂ ಸಣ್ಣ ಸಂದು ಉಳಿದಿದೆಯೇ ಎಂದು ಭೂತಗನ್ನಡಿ ಹಿಡಿದು ಹುಡುಕುವುದು. ಸಂದು ಕಂಡರೆ ನನಗೆ ಆ ದಿನ ಊಟ ಸೇರುವುದಿಲ್ಲ. ಈ ಕಾಯಿಲೆಯೇ ಮುಂದಿನ ಅನಾಹುತಕ್ಕೆ ಕಾರಣ.

ಹೋದ ಹಂಗಾಮಿನಲ್ಲಿ ಹೆಂಡತಿ ವಿನುತಳ ತಾಯಿಮನೆ ನಾರಾವಿಗೆ ಹೋಗಿದ್ದೆವು. ಅಲ್ಲಿ ತೋಟದ ಯಜಮಾನಿಕೆ ಅತ್ತೆಯದು. ಅಡಿಕೆ ಕೊಯ್ಲಿಗೆ ಬರುವವನು ಸುಂದರ. ಅವನು ಮರ ಹತ್ತುವುದಿಲ್ಲ. ನೆಲದ ಮೇಲೆ ನಿಂತೇ ದೋಟಿಯಿಂದ, ಅಂದರೆ ತುದಿಗೆ ಕತ್ತಿ ಸಿಕ್ಕಿಸಿದ ಕಾರ್ಬನ್ ಫೈಬರಿನ ಉದ್ದ ಕೋಲಿನಿಂದ, ಗೊನೆ ಇಳಿಸುತ್ತಾನೆ. ಒಂದರೊಳಗೊಂದು ಸೇರುವ ಏಳು ಕೊಳವೆಗಳು. ಎಳೆದರೆ ನಲವತ್ತೈದು ಅಡಿ, ಮಡಚಿದರೆ ಬೈಕಿಗೆ ಕಟ್ಟಿಕೊಂಡು ಹೋಗಬಹುದು.

ಆ ದಿನ ಸುಂದರ ಅಂಗಳದಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದ. ದೋಟಿಯ ಮೂರನೇ ಕೊಳವೆಯಲ್ಲಿ, ಮಡಚಿದರೂ ಹೊರಗುಳಿಯುವ ಭಾಗದಲ್ಲಿ, ಬೆರಳುದ್ದದ ಸೀಳು.

"ಬೆಳ್ತಂಗಡಿಯಲ್ಲಿ ಕೇಳಿದೆ ಅಕ್ಕ, ಹೊಸ ಕೊಳವೆ ಬರ್ಲಿಕ್ಕೆ ಹದಿನೈದು ದಿನ ಉಂಟಂತೆ" ಎಂದು ಅವನು ಅತ್ತೆಗೆ ಹೇಳುತ್ತಿದ್ದ. "ಸೋಮವಾರದಿಂದ ಮೂರು ತೋಟ ಒಪ್ಪಿಕೊಂಡಿದ್ದೇನೆ. ನಾನು ಹೋಗದಿದ್ರೆ ಅವರು ಬೇರೆಯವರನ್ನು ಕರೀತಾರೆ. ಒಮ್ಮೆ ಕೈಬಿಟ್ಟ ತೋಟ ಮತ್ತೆ ಸಿಗುದಿಲ್ಲ."

ಕಾರ್ಬನ್ ಫೈಬರ್! ಸೀಳು! ಎರಡು ವರ್ಷದ ತಪಸ್ಸಿಗೆ ದೇವರು ಪ್ರತ್ಯಕ್ಷನಾದಂತೆ ನನಗೆ ರೋಮಾಂಚನವಾಯಿತು.

"ಸುಂದರ, ಹದಿನೈದು ದಿನ ಯಾಕೆ? ನನಗೆ ಒಂದು ದಿನ ಸಾಕು. ಮೂಡುಬಿದಿರೆಗೆ ಕೊಂಡುಹೋಗುತ್ತೇನೆ, ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ತೆಗೆದುಕೊಂಡು ಹೋಗು."

"ಸರ್, ಆಗ್ತದಾ?"

"ಆಗ್ತದಾ ಅಂತ ಕೇಳ್ತೀಯಾ? ನಾನು ಓದುತ್ತಿರುವುದೇ ಅದನ್ನು."

ಅತ್ತೆ ನನ್ನನ್ನೊಮ್ಮೆ, ದೋಟಿಯನ್ನೊಮ್ಮೆ ನೋಡಿದರು. "ಅವನ ಅನ್ನ ಅದು, ನೋಡಿಕೊಂಡು ಮಾಡಿ" ಎಂದರು. ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಬೆಳಿಗ್ಗೆ ಮೂಡುಬಿದಿರೆಯ ನಮ್ಮ ಮನೆಯಲ್ಲಿ ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆಯಿತು. ಹೊರಗೆ ಮೋಡ ಕವಿದಿತ್ತು. ಹಸಿ ಗಾಳಿ ತಾಗಿದರೆ ರೆಸಿನ್ನಿಗೆ ಬೆರೆಸುವ ಗಟ್ಟಿಕಾರಕ ಕೆಡುತ್ತದೆ, ಆದ್ದರಿಂದ ಮನೆಯೊಳಗೇ ಆಗಬೇಕು. ಅಂಟು ಸುತ್ತಲೂ ಸಮನಾಗಿ ಕೂರಲು ದೋಟಿಯನ್ನು ಪೂರ್ತಿ ಎಳೆದೇ ಇಡಬೇಕು. ಎಳೆದೆ. ಅದು ಜಗಲಿಯಿಂದ ಹೊರಟು, ಚಾವಡಿ ದಾಟಿ, ಊಟದ ಕೋಣೆ ಹಾದು, ಅಡುಗೆಮನೆಯ ಕಿಟಕಿಯ ಸರಳುಗಳ ನಡುವಿನಿಂದ ಹೊರಗೆ ತಲೆ ಹಾಕಿತು. ಎರಡು ಸ್ಟೂಲು, ಒಂದು ಪ್ಲಾಸ್ಟಿಕ್ ಕುರ್ಚಿ, ವಿನುತಳ ಹೊಲಿಗೆ ಯಂತ್ರ ಮತ್ತು ಅಕ್ಕಿ ಡಬ್ಬಿಯ ಮೇಲೆ ಅದನ್ನು ಮಲಗಿಸಿದೆ.

"ನಾನು ಒಲೆ ಹತ್ರ ಹೋಗುದು ಹೇಗೆ?" ವಿನುತ ಕೇಳಿದಳು.

"ಸ್ವಲ್ಪ ಬಗ್ಗಿ ಹೋಗು. ಇಪ್ಪತ್ತನಾಲ್ಕು ಗಂಟೆ ಅಷ್ಟೇ."

"ನನ್ನ ಬೆನ್ನಿಗೆ ಹಾಕುವ ರೆಸಿನ್ ಉಂಟಾ ನಿಮ್ಮಲ್ಲಿ?"

ಸಂಶೋಧಕರಿಗೆ ಅಷ್ಟರಲ್ಲಿ ಪಾಕ ಕಲಸುವ ಹೊತ್ತಾಗಿತ್ತು.

ಮೊದಲನೆಯ ಪಾಕವನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ಕಲಸಿದೆ. ಧಾರಾಳವಾಗಿಯೇ ಕಲಸಿದೆ. ರೆಸಿನ್ ಮತ್ತು ಗಟ್ಟಿಕಾರಕ ಸೇರಿದರೆ ಬಿಸಿ ಹುಟ್ಟುತ್ತದೆ, ಹೆಚ್ಚು ಕಲಸಿದರೆ ಹೆಚ್ಚು ಬಿಸಿ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಎಚ್ಚರಿಕೆ ಕೊಡುವವನು ನಾನೇ. ಐದೇ ನಿಮಿಷದಲ್ಲಿ ಡಬ್ಬಿ ಹೊಗೆಯಾಡಿತು. ಏಳನೇ ನಿಮಿಷಕ್ಕೆ ಡಬ್ಬಿಯ ತಳ ಮೆತ್ತಗಾಗಿ, ಅಷ್ಟೂ ಪಾಕ ಊಟದ ಮೇಜಿನ ಮೇಲೆ ಶಾಶ್ವತವಾಗಿ ನೆಲೆಸಿತು. ಅದರ ಮೇಲೆ ಈಗ ನಾವು ಸಾರಿನ ಪಾತ್ರೆ ಇಡುತ್ತೇವೆ.

ಎರಡನೆಯ ಪಾಕ ಸರಿಯಾಯಿತು. ಸೀಳಿಗೆ ಕಾರ್ಬನ್ ಪಟ್ಟಿ ಸುತ್ತಿ, ಅಂಟು ಹಚ್ಚಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿದೆ. ಕೆಲಸ ಮುಗಿದಿತ್ತು. ಅಲ್ಲಿಗೆ ಕೈ ತೊಳೆದಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ಆದರೆ ಪಾಕ ಉಳಿದಿತ್ತು. ಮತ್ತು ನನ್ನ ಕಣ್ಣಿಗೆ ಒಂದು ಭಯಂಕರ ದೃಶ್ಯ ಬಿತ್ತು. ತೆಳ್ಳಗಿನ ಕೊಳವೆ ದಪ್ಪ ಕೊಳವೆಯೊಳಗೆ ಸೇರುವಲ್ಲಿ ಸಣ್ಣದೊಂದು ಸಂದು! ಒಂದಲ್ಲ, ಆರು ಕೀಲಿಗೆ ಆರು ಸಂದು! ಕಂಪೆನಿಯವರ ಇಂಥ ಬೇಜವಾಬ್ದಾರಿ ಕಂಡು ಕಾರಿ ಉಗುಳಬೇಕೆನಿಸಿತು. ಒಂದೊಂದು ಸಂದಿಗೂ ನನ್ನ ಬಿರುಕು ಬಿಡದ ರೆಸಿನ್ನನ್ನು ಪ್ರೀತಿಯಿಂದ ಕುಡಿಸಿದೆ. ಅದು ಗಟಗಟನೆ ಒಳಗಿಳಿಯಿತು. ಆರನೆಯದಕ್ಕೆ ಹಾಕುವಾಗ ಪದ್ಯ ಗುನುಗುತ್ತಿದ್ದೆನಂತೆ, ವಿನುತ ಹೇಳುತ್ತಾಳೆ.

ದಣಿದು ದೋಟಿಯ ಪಕ್ಕದಲ್ಲೇ ಕೂತವನಿಗೆ ಜೊಂಪು ಹತ್ತಿತು. ಎಚ್ಚರವಾಗಿ ಎದ್ದೆ. ನಾನು ಎದ್ದೆ, ಲುಂಗಿ ಏಳಲಿಲ್ಲ! ಅದರ ಒಂದು ಅಂಚು ಮೂರನೇ ಕೊಳವೆಯ ಬ್ಯಾಂಡೇಜಿಗೆ ಸೇರಿ ಸಂಯುಕ್ತ ವಸ್ತುವಾಗಿಬಿಟ್ಟಿತ್ತು. ವಿನುತ ಕತ್ತರಿ ತಂದು ನನ್ನನ್ನು ಬಿಡುಗಡೆ ಮಾಡಿದಳು. ನೀಲಿ ಚೌಕುಳಿಯ ಅಂಗೈಯಗಲದ ತುಂಡು ದೋಟಿಯಲ್ಲೇ ಉಳಿಯಿತು. ಬಟ್ಟೆಯೂ ಎಳೆಯೇ ತಾನೆ, ಬಲ ಹೆಚ್ಚಿತು ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಅಂಟು ಅದ್ಭುತವಾಗಿ ಗಟ್ಟಿಯಾಗಿತ್ತು. ಉಗುರಿನಿಂದ ಗೀರಿದೆ, ಬೆರಳಿನಿಂದ ಬಡಿದೆ. ಎರಡು ವರ್ಷದಲ್ಲಿ ಇಷ್ಟು ಚಂದದ ಪಾಕ ಒಮ್ಮೆಯೂ ಬಂದಿರಲಿಲ್ಲ. ಹತ್ತು ಗಂಟೆಗೆ ಸುಂದರ ಬಂದ. ಸೀಳಿದ್ದ ಜಾಗ ಮುಟ್ಟಿ ನೋಡಿದ, ಮುಖ ಅರಳಿತು.

"ಭಾರೀ ಲಾಯ್ಕ ಆಗಿದೆ ಸರ್! ಇದೆಂತ, ಲುಂಗಿಯಾ?"

"ವಿಶೇಷ ಪದರ."

ಅವನು ಕ್ಲಾಂಪ್ ಸಡಿಲಿಸಿ ತುದಿಯ ಕೊಳವೆಯನ್ನು ಒಳಗೆ ತಳ್ಳಿದ. ಹೋಗಲಿಲ್ಲ. ಮುಂದಿನದ್ದನ್ನು ತಳ್ಳಿದ. ಅದೂ ಹೋಗಲಿಲ್ಲ. ಆರೂ ಕೀಲುಗಳನ್ನು ನೋಡಿ ನನ್ನ ಕಡೆ ತಿರುಗಿದ.

"ಸರ್, ಇದು ಮಡಚುದಿಲ್ವಾ?"

ಆ ಕ್ಷಣದಲ್ಲಿ ನನಗೆ ಜ್ಞಾನೋದಯವಾಯಿತು. ದೋಟಿ ಮಡಚುವುದೇ ಆ ಸಂದಿನಿಂದ! ಸಂದಿಲ್ಲದಿದ್ದರೆ ಅದು ದೋಟಿಯಲ್ಲ, ನಲವತ್ತೈದು ಅಡಿಯ ಕಂಬ. ಅದೂ ನಮ್ಮ ಮನೆಯೊಳಗೆ ಹೊಕ್ಕು ಕೂತ ಕಂಬ!

ಹೊರಗೆ ತೆಗೆಯುವುದೂ ಸುಲಭವಿರಲಿಲ್ಲ. ಗಲಾಟೆ ಕೇಳಿ ಹಿಂದಿನ ಮನೆಯ ಹಮೀದಾಕ ಬಂದರು. ಅವರು ಇಪ್ಪತ್ತು ವರ್ಷ ಗಲ್ಫಿನಲ್ಲಿ ಕ್ರೇನ್ ನಡೆಸಿ ಬಂದವರು, ಉದ್ದದ ಸಾಮಾನು ಸಾಗಿಸುವುದನ್ನು ಬಲ್ಲವರು. ಎರಡೂ ಕಡೆ ನಡೆದು ನೋಡಿ ತೀರ್ಪು ಕೊಟ್ಟರು.

"ಮಾಷ್ಟ್ರೇ, ಹಿಂದೆ ನನ್ನ ಗೋಡೆ ಉಂಟು. ಮುಂದೆ ಎಳೆದ್ರೆ ಗೇಟಿನ ಹತ್ರ ತುದಿ ಎತ್ತಬೇಕು, ಅಲ್ಲಿ ಕರೆಂಟಿನ ತಂತಿ ಉಂಟು. ಇದು ಕರೆಂಟು ಎಳೆಯುವ ಕೋಲಲ್ವಾ? ತಾಗಿದ್ರೆ ಎತ್ತಿದವ ಮತ್ತೆ ಇಳಿಸ್ಲಿಕ್ಕಿಲ್ಲ."

"ಅಲ್ಲಿಗೆ ಬೇಡವೇ ಬೇಡ" ಎಂದ ಸುಂದರ. ದೋಟಿ ಹಿಡಿಯುವವರು ಮೊದಲು ಕಲಿಯುವುದು ತಂತಿಯ ಭಯವನ್ನು.

ಹಾಗಾದರೆ ಕೀಲು ಬಿಡಿಸುವುದೊಂದೇ ದಾರಿ. ಸಂದುಗಳಿಗೆ ತೆಂಗಿನೆಣ್ಣೆ ಬಿಟ್ಟೆವು. ಸಂದು ಇದ್ದರಲ್ಲವೇ ಎಣ್ಣೆ ಇಳಿಯುವುದು! ಆಮೇಲೆ ನಾನು ಜಗಲಿಯಿಂದ, ಹಮೀದಾಕ ಅಡುಗೆಮನೆಯಿಂದ ಎಳೆದೆವು. ಅವರು "ಯಾ ಅಲ್ಲಾ" ಎಂದು ಕೈಬಿಟ್ಟಾಗ ನಾನು ಹಿಂದಕ್ಕೆ ಹಾರಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಬಿದ್ದೆ. ಕೀಲು ಕೂದಲೆಳೆಯಷ್ಟೂ ಕದಲಲಿಲ್ಲ. ನೋವಿನಲ್ಲೂ ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಸುಂದರನ ಮುಖ ನೋಡಿದೆ, ಹೆಮ್ಮೆ ಇಳಿಯಿತು.

"ಕೊಯ್ದುಬಿಡುವ" ಎಂದು ಕಬ್ಬಿಣದ ಗರಗಸ ತಂದೆ.

ಸುಂದರ ನನ್ನ ಕೈ ಹಿಡಿದುಕೊಂಡ. "ಬೇಡ ಸರ್. ಸೀಳಿದ್ರೂ ಹೇಗಾದ್ರೂ ನಡೀತದೆ. ತುಂಡಾದ್ರೆ ನನಗೆ ಕೈಯೇ ಇಲ್ಲ." ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೆಟ್ಟಿಲಿನ ಮೇಲೆ ಹೋಗಿ ಕೂತ, ಫೋನು ತೆಗೆದ, ಮೂರು ತೋಟದವರಿಗೆ ಏನು ಹೇಳುವುದೆಂದು ತಿಳಿಯದೆ ಮತ್ತೆ ಜೇಬಿಗೆ ಹಾಕಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಜಂಭಕ್ಕೆ ಅವನು ಯಾಕೆ ದಂಡ ತೆರಬೇಕು?

ಅಷ್ಟರಲ್ಲಿ ವಿನುತ ಅತ್ತೆಗೆ ಫೋನು ಮಾಡಿ ಸಕಲವನ್ನೂ ವರದಿ ಮಾಡಿಯಾಗಿತ್ತು. ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು.

"ಒಂದು ಸ್ಟೀಲು ಲೋಟ ಇನ್ನೊಂದರೊಳಗೆ ಸಿಕ್ಕಿಕೊಂಡ್ರೆ ನಾವು ಎಂತ ಮಾಡ್ತೇವೆ?" ಅತ್ತೆ ಕೇಳಿದರು. "ಬಿಸಿನೀರು ಹಾಕ್ತೇವೆ. ನೀವೂ ಹಾಕಿ ನೋಡಿ."

ನಾನು ಗಂಟಲು ಸರಿಮಾಡಿಕೊಂಡೆ. "ಅತ್ತೆ, ಇದು ಲೋಟವಲ್ಲ. ಇದು ಅಡ್ಡಕೊಂಡಿಗಳಿಂದ ಬಂಧಿತವಾದ ಪಾಲಿಮರ್. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವ ಪ್ರಶ್ನೆಯೇ ಇಲ್ಲ. ಯಾಕೆಂದರೆ..."

"ಪಾಠ ಆಮೇಲೆ ಮಾಡುವ. ನೀರು ಕಾಯ್ಲಿಕ್ಕೆ ಇಟ್ಟದ್ದುಂಟಾ?"

ಹಮೀದಾಕ ಮನೆಯಿಂದ ಬಿರಿಯಾನಿಯ ದೊಡ್ಡ ಪಾತ್ರೆ ತಂದರು. ವಿನುತ ದೋಟಿಯಡಿ ನುಸುಳಿ ಒಲೆ ಹಚ್ಚಿದಳು. ನೀರು ಕುದಿಯಿತು. ಮೊದಲ ಕೀಲಿಗೆ ಹಳೇ ಟವೆಲ್ ಸುತ್ತಿ, ಅದರ ಮೇಲೆ ಚೆಂಬು ಚೆಂಬಾಗಿ ಸುರಿದರು. ಮನೆಯೆಲ್ಲ ನೀರು. ವಿಜ್ಞಾನದ ಗೌರವ ಕಾಪಾಡಲು ನಾನು ಕೈಕಟ್ಟಿ ನಿಂತಿದ್ದೆ.

ಹತ್ತು ನಿಮಿಷ ಕಳೆದು ಸುಂದರ ಕೊಳವೆಯನ್ನು ತಿರುಚಿದ. ಟಕ್!

"ಬಂತು!" ಎಂದು ಕೂಗಿದ. ಕೊಳವೆ ಮೆಲ್ಲನೆ ಒಳಗೆ ಜಾರಿತು. ನಾನು ಕೈಕಟ್ಟಿದ್ದನ್ನು ಬಿಚ್ಚಿ, ಚೆಂಬು ಕಿತ್ತುಕೊಂಡು ಎರಡನೆಯ ಕೀಲಿಗೆ ಓಡಿದೆ. ಟಕ್! ಮೂರು, ನಾಲ್ಕು, ಐದು... ವಿನುತ ಗಟ್ಟಿಯಾಗಿ ಎಣಿಸುತ್ತಿದ್ದಳು. ಆರನೆಯದು ಬಿಟ್ಟಾಗ ಹಮೀದಾಕ ನನ್ನನ್ನು ಅಪ್ಪಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಹಬೆಯಿಂದ ಎಂದು ಹೇಳಿದೆ, ಯಾರೂ ನಂಬಲಿಲ್ಲ. ಒಳಗೆ ಉಳಿದ ಅಂಟನ್ನು ಮೆತ್ತಗಿರುವಾಗಲೇ ಸುಂದರ ತನ್ನ ಚೂರಿಯಿಂದ ಕೆರೆದು ತೆಗೆದ. ಸೀಳಿನ ಪಟ್ಟಿಗೆ ಮಾತ್ರ ಒಂದು ಹನಿ ಬಿಸಿನೀರೂ ತಾಗಲು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೋಟಿ ಮಡಚಿ ಅವನ ಬೈಕಿನ ಮೇಲಿತ್ತು.

ಆಮೇಲೆ ಕೂತು ಯೋಚಿಸಿದರೆ ಕಾರಣ ಸ್ಪಷ್ಟವಾಗಿತ್ತು. ದೋಟಿಯನ್ನು ಕಾರ್ಖಾನೆಯಲ್ಲಿ ಒಲೆಯಲ್ಲಿ ಬೇಯಿಸಿರುತ್ತಾರೆ, ಅದಕ್ಕೆ ಕುದಿಯುವ ನೀರು ಯಾವ ಲೆಕ್ಕ? ನನ್ನ ಪಾಕ ಬೇಯದೆ ತಾನಾಗಿ ಗಟ್ಟಿಯಾದದ್ದು, ಮೇಲಾಗಿ ಹೊಟ್ಟೆ ತುಂಬ ರಬ್ಬರ್ ಕುಡಿದದ್ದು. ಪೆಟ್ಟು ಬಿದ್ದರೆ ಬಿರಿಯುವುದಿಲ್ಲ, ಆದರೆ ಬಿಸಿ ತಾಗಿದರೆ ಕರಗದಿದ್ದರೂ ಮೆತ್ತಗಾಗುತ್ತದೆ. ಎರಡು ವರ್ಷ ಅದನ್ನು ಎಳೆದೆ, ಬಗ್ಗಿಸಿದೆ, ಸುತ್ತಿಗೆಯಲ್ಲಿ ಬಡಿದೆ. ಬಿಸಿ ಮಾಡಿ ನೋಡಿರಲಿಲ್ಲ! ಇದನ್ನು ಮಾರ್ಗದರ್ಶಕರಿಗೆ ತಿಳಿಸಿದಾಗ ಅವರು ಬಹಳ ಹೊತ್ತು ನಕ್ಕು, "ಒಂದು ಅಧ್ಯಾಯ ಹೆಚ್ಚಾಯಿತು, ಬರೆಯಿರಿ" ಎಂದರು. ಪ್ರಬಂಧ ಕಟ್ಟಿಸಿದ ಮೇಲೆ ಪರೀಕ್ಷಕರ ಎದುರು ಇದು ಗೊತ್ತಾಗಿದ್ದರೆ ನನ್ನ ಗತಿಯೇನು? ಹಾಗಾಗಿ ಅತ್ತೆಗೆ ನಾನು ಎರಡೆರಡು ಸಲ ಋಣಿ.

ಸೋಮವಾರ ಸಂಜೆ ಸುಂದರನ ಫೋನು ಬಂತು.

"ಸರ್, ಒಂದು ತೋಟ ಮುಗೀತು. ಸೀಳಿದಲ್ಲಿ ಎಂತದ್ದೂ ಆಗ್ಲಿಲ್ಲ. ಆ ಲುಂಗಿ ಉಂಟಲ್ಲ, ಅದು ಗಟ್ಟಿ ಉಂಟು ಮಾರಾಯ್ರೆ! ಎಲ್ಲರೂ ಯಾವ ಕಂಪೆನಿಯದ್ದು ಅಂತ ಕೇಳ್ತಾರೆ."

ಫೋನು ಇಟ್ಟು, ಮೇಜಿನ ಮೇಲೆ ನೆಲೆಸಿರುವ ಪಾಕದ ಪಕ್ಕದಲ್ಲಿ ಕೂತು ಒಂದು ಲೋಟ ಚಾ ಕುಡಿದೆ. ಅಷ್ಟು ರುಚಿಯಾದ ಚಾ ನಾನು ಕುಡಿದದ್ದು ನೆನಪಿಲ್ಲ.

ಮೊನ್ನೆ ವಿನುತ ತಾಯಿಯ ಹತ್ತಿರ ಫೋನಿನಲ್ಲಿ ಮಾತನಾಡುತ್ತಿದ್ದವಳು ನನ್ನನ್ನು ಕಂಡು ಥಟ್ಟನೆ ದನಿ ತಗ್ಗಿಸಿದಳು. ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟಳು. ಅತ್ತೆಯ ಕುಕ್ಕರಿನ ಹಿಡಿ ಮುರಿದಿದೆಯಂತೆ. ಒಂದು ವಾರವಾಯಿತಂತೆ. ಅಳಿಯನ ಕಿವಿಗೆ ಮಾತ್ರ ಬೀಳಬಾರದೆಂದು ಕಟ್ಟಪ್ಪಣೆಯಂತೆ!